‘ಇವತ್ತಿನವರೆಗೆ ಒಂದು ಸಲವೂ ಜಾಮ್ ಆಗಿಲ್ಲ’

ಪಿಸ್ತೂಲು ಇಟ್ಟುಕೊಂಡ ಯಾರನ್ನೇ ಕೇಳಿ, ಈ ಮಾತು ಬಂದೇ ಬರುತ್ತದೆ. ಗುಂಡು ಹೊಡೆಯುವ ರೇಂಜಿನಲ್ಲಿ ಕೇಳಿದ್ದೇನೆ, ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ಯುಗಾದಿ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೂ ಆ ಮಾತನ್ನು ಕೇಳಿ ನಾನು ಪಿಸ್ತೂಲು ಕೊಳ್ಳುವುದಿಲ್ಲ. ಯಾಕೆ ಅಂತ ಬರೆಯಬೇಕು ಅನ್ನಿಸಿ ಬಹಳ ದಿನ ಆಯಿತು.

ನಾನಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಕೆಲಸ ಚಿಪ್‌ಗಳ ಬಾಳಿಕೆ ಪರೀಕ್ಷೆ ಮಾಡುವುದು. ಅಂದರೆ, ‘ಇದು ಕೆಡುವುದಿಲ್ಲ’ ಅಂತ ಯಾರಾದರೂ ಹೇಳಿದರೆ ‘ಎಷ್ಟು ನೋಡಿ ಹೇಳುತ್ತಿದ್ದೀರಿ?’ ಅಂತ ಕೇಳುವುದಕ್ಕೇ ನನಗೆ ಸಂಬಳ. ಊರು ಕೊಪ್ಪದ ಹತ್ತಿರ. ಮನೆಯಲ್ಲಿ ಅಪ್ಪಯ್ಯನ ಜೋಡುನಳಿಗೆ ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸಿನದು. ಹಂದಿ, ಮಂಗ ಓಡಿಸಲು. ಪ್ರತಿ ಚುನಾವಣೆಗೂ ಅದನ್ನು ಪೊಲೀಸ್ ಠಾಣೆಗೆ ಕೊಟ್ಟು ಬರಬೇಕು, ಫಲಿತಾಂಶ ಬಂದ ಮೇಲೆ ಹೋಗಿ ತರಬೇಕು. ಅಪ್ಪಯ್ಯನಿಗೆ ಅದೊಂದು ಕಿರಿಕಿರಿ. ಹಾಗಾಗಿ ಬಂದೂಕು ಅಂದರೆ ನನಗೆ ಹೆದರಿಕೆಯೂ ಇರಲಿಲ್ಲ, ಮೋಹವೂ ಇರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಗೆಳತಿಯೊಬ್ಬಳು ರೇಂಜಿಗೆ ಎಳೆದುಕೊಂಡು ಹೋದಳು, ಹಿಡಿಸಿತು, ಅಷ್ಟೇ.

(ಎಚ್1ಬಿ ವೀಸಾದಲ್ಲಿರುವವರು ದಯವಿಟ್ಟು ಇದನ್ನು ಓದಿ ಅಂಗಡಿಗೆ ಹೋಗಬೇಡಿ. ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ. ಅದನ್ನು ವಕೀಲರ ಹತ್ತಿರ ಕೇಳಿ, ನನ್ನ ಹತ್ತಿರ ಅಲ್ಲ.)

ಅಪ್ಪಯ್ಯ ಇಲ್ಲಿಗೆ ಬಂದಿದ್ದಾಗ ನನ್ನ ಪಿಸ್ತೂಲನ್ನು ಬಿಚ್ಚಿ ಮೇಜಿನ ಮೇಲೆ ಹರವಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು. ‘ಎಂತದೇ ಇದು, ಒಂದು ಈಡು ಹಾರಲಿಕ್ಕೆ ಇಷ್ಟೆಲ್ಲ ಸಾಮಾನು ಬೇಕಾ?’ ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಅವರ ಕೋವಿಯಲ್ಲಿ ತೋಟೆ ಹಾಕುವವರು ಅವರೇ, ಖಾಲಿ ತೋಟೆ ತೆಗೆಯುವವರೂ ಅವರೇ. ಕೋವಿಯ ಕೆಲಸ ಹಿಂದಿನಿಂದ ಒಂದು ಪೆಟ್ಟು ಕೊಡುವುದು ಮಾತ್ರ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಆ ಕೆಲಸಗಳನ್ನೆಲ್ಲ ಯಂತ್ರವೇ ಮಾಡಬೇಕು. ಗುಂಡು ಹಾರಿದ ಒದೆತಕ್ಕೆ ಮೇಲಿನ ಸ್ಲೈಡ್ ಹಿಂದಕ್ಕೆ ಓಡುತ್ತದೆ. ಎಕ್ಸ್‌ಟ್ರಾಕ್ಟರ್ ಅನ್ನುವ ಚಿಕ್ಕ ಕೊಕ್ಕೆ ಖಾಲಿ ತೋಟೆಯ ಅಂಚನ್ನು ಹಿಡಿದು ಚೇಂಬರಿನಿಂದ, ಅಂದರೆ ಬ್ಯಾರೆಲ್ಲಿನ ಹಿಂತುದಿಯ ಗೂಡಿನಿಂದ, ಎಳೆಯುತ್ತದೆ. ಆ ತೋಟೆ ಇಜೆಕ್ಟರಿಗೆ ಬಡಿದು ಪಕ್ಕದ ಕಿಂಡಿಯಿಂದ ಆಚೆ ಹಾರುತ್ತದೆ. ಅಷ್ಟರಲ್ಲಿ ಹಿಡಿಯೊಳಗಿನ ಮ್ಯಾಗಜಿನ್ನಿನ, ಅಂದರೆ ತೋಟೆ ತುಂಬುವ ಡಬ್ಬಿಯ, ಸ್ಪ್ರಿಂಗ್ ಮುಂದಿನ ತೋಟೆಯನ್ನು ಮೇಲಕ್ಕೆ ತಳ್ಳಿರಬೇಕು. ರಿಕಾಯಿಲ್ ಸ್ಪ್ರಿಂಗಿನ ಒತ್ತಡಕ್ಕೆ ಸ್ಲೈಡ್ ಮುಂದಕ್ಕೆ ಬರುವಾಗ ಆ ತೋಟೆಯನ್ನು ನೂಕಿ, ಚೇಂಬರಿನ ಬಾಯಿಯ ಇಳಿಜಾರಿನ ಮೇಲೆ ಹತ್ತಿಸಿ, ಒಳಗೆ ಕೂರಿಸಿ, ಬ್ಯಾರೆಲ್ಲಿಗೆ ಬೀಗ ಹಾಕಬೇಕು. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಆಗಬೇಕು. ಯಾವುದೋ ಒಂದು ಹಂತ ಚೂರು ತಡವಾದರೆ, ಚೂರು ಬೇಗ ಆದರೆ, ಜಾಮ್.

ಅದಕ್ಕೇ ‘ಜಾಮ್’ ಅನ್ನುವ ಒಂದೇ ಪದ ನನಗೆ ಸಾಲುವುದಿಲ್ಲ. ಯಾರಾದರೂ ‘ಎರಡು ಸಲ ಜಾಮ್ ಆಯಿತು’ ಅಂದರೆ ನನ್ನ ಮೊದಲ ಪ್ರಶ್ನೆ, ಹೇಗೆ ಜಾಮ್ ಆಯಿತು? ಖಾಲಿ ತೋಟೆ ಕಿಂಡಿಯಲ್ಲಿ ನೆಟ್ಟಗೆ ಚಿಮಣಿ ಥರ ನಿಂತಿತ್ತಾ? ಹಾಗಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗಿಲ್ಲ. ತೋಟೆಯಲ್ಲಿ ದಮ್ಮಿಲ್ಲ, ಅಥವಾ ರಿಕಾಯಿಲ್ ಸ್ಪ್ರಿಂಗ್ ಬಿಗಿ, ಅಥವಾ ಹಿಡಿತ ಸಡಿಲ, ಅಥವಾ ಎಕ್ಸ್‌ಟ್ರಾಕ್ಟರ್ ಸರಿ ಹಿಡಿಯುತ್ತಿಲ್ಲ. ಹೊಸ ತೋಟೆಯ ಮೂತಿ ಇಳಿಜಾರಿಗೆ ಗುದ್ದಿ ನಿಂತಿತ್ತಾ? ಮೊದಲು ಮ್ಯಾಗಜಿನ್ ನೋಡಿ. ಟ್ರಿಗರ್ ಎಳೆದಾಗ ‘ಟಿಕ್’ ಅಂದು ಏನೂ ಆಗಲಿಲ್ಲವಾ? ತೋಟೆಯ ಹಿಂಭಾಗದ ಪ್ರೈಮರ್ (ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಮೇಲೆ ಆಳವಾದ ಗುಳಿ ಇದ್ದರೆ ತೋಟೆಯದೇ ತಪ್ಪಿರಬಹುದು. ಗುಳಿ ತೆಳ್ಳಗೆ ಗೀರಿದ ಹಾಗಿದ್ದರೆ ಪಿಸ್ತೂಲಿನ ಮೇಲೆ ಅನುಮಾನ. .22 ರಿಮ್‌ಫೈರ್ ತೋಟೆಗಳ ಕಥೆಯೇ ಬೇರೆ. ಅದರಲ್ಲಿ ಕಿಡಿ ಹೊತ್ತಿಸುವ ಮದ್ದು ಅಂಚಿನ ಸುತ್ತ ಹರಡಿರುತ್ತದೆ, ಎಲ್ಲೋ ಒಂದು ಕಡೆ ತೆಳುವಾಗಿದ್ದರೆ ಠುಸ್. ಆ ತೋಟೆಯನ್ನು ಸ್ವಲ್ಪ ತಿರುಗಿಸಿ ಹಾಕಿದಾಗ ಹಾರಿದರೆ ಪಿಸ್ತೂಲನ್ನು ಬಯ್ಯಬೇಡಿ. ಕೊನೆಯ ಗುಂಡಾದ ಮೇಲೆ ಸ್ಲೈಡ್ ಹಿಂದೆಯೇ ನಿಲ್ಲಲಿಲ್ಲ ಅಂತ ದೂರುವವರೂ ಇದ್ದಾರೆ. ಅವರ ಹೆಬ್ಬೆರಳು ಎಲ್ಲಿದೆ ನೋಡಿ. ಹತ್ತಕ್ಕೆ ಏಳೆಂಟು ಸಲ ಸ್ಲೈಡ್ ಸ್ಟಾಪ್, ಅಂದರೆ ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸನ್ನೆಯ ಮೇಲೆ ಕೂತಿರುತ್ತದೆ.

ಇಷ್ಟು ವಿವರ ಹೇಳಬಲ್ಲ ಮಾಲೀಕ ಸಿಕ್ಕರೆ ನನಗೆ ಹಬ್ಬ. ಸಿಗುವುದು ಕಡಿಮೆ.

ಇನ್ನು ಲೆಕ್ಕಕ್ಕೆ ಬರೋಣ. ಹೆದರಬೇಡಿ, ಭಾಗಾಕಾರ ಗೊತ್ತಿದ್ದರೆ ಸಾಕು. ಒಬ್ಬರು ಇಷ್ಟು ಗುಂಡು ಹೊಡೆದರು, ಒಂದೂ ಜಾಮ್ ಆಗಲಿಲ್ಲ ಅಂದುಕೊಳ್ಳಿ. 3ನ್ನು ಆ ಸಂಖ್ಯೆಯಿಂದ ಭಾಗಿಸಿ. ಜಾಮ್ ಆಗುವ ಪ್ರಮಾಣ ಅದಕ್ಕಿಂತ ಕಡಿಮೆ ಅಂತ ಶೇಕಡಾ 95ರಷ್ಟು ಭರವಸೆಯಿಂದ ಹೇಳಬಹುದು, ಅಷ್ಟೇ. ನಮ್ಮ ಕೆಲಸದಲ್ಲಿ ಇದನ್ನು ಮೂರರ ನಿಯಮ ಅನ್ನುತ್ತಾರೆ. 50 ಗುಂಡಿನ ಒಂದು ಡಬ್ಬ ಖಾಲಿ ಮಾಡಿ ‘ಸೂಪರ್ ಪಿಸ್ತೂಲು’ ಅಂದರೆ, ಅದು ನೂರಕ್ಕೆ ಆರು ಸಲ ಜಾಮ್ ಆಗುವ ಪಿಸ್ತೂಲೂ ಆಗಿರಬಹುದು. 200 ಗುಂಡಿಗೆ ನೂರಕ್ಕೆ ಒಂದೂವರೆ. 1000 ಗುಂಡು ಸುಸೂತ್ರವಾಗಿ ಹೋದರೂ ಸಾವಿರಕ್ಕೆ ಮೂರರ ತನಕ ಅನುಮಾನ ಉಳಿದೇ ಇರುತ್ತದೆ.

ಇದನ್ನೇ ತಿರುಗಿಸಿ ನೋಡಿದರೆ ಇನ್ನೂ ಮಜಾ. ನಿಜವಾಗಿಯೂ ನೂರಕ್ಕೆ ಒಂದು ಸಲ ಜಾಮ್ ಆಗುವ ಪಿಸ್ತೂಲು ಇದೆ ಅನ್ನಿ. 15 ಗುಂಡಿನ ಮ್ಯಾಗಜಿನ್ ಲೆಕ್ಕದಲ್ಲಿ, ಏಳು ಮ್ಯಾಗಜಿನ್ನಿಗೆ ಒಂದರಲ್ಲಿ ಜಾಮ್. ಆತ್ಮರಕ್ಷಣೆಗೆ ಅಂತ ಇಟ್ಟುಕೊಂಡವರಿಗೆ ಇದು ಕೆಟ್ಟ ಪಿಸ್ತೂಲು. ಆದರೆ ಅದನ್ನು ಕೊಂಡ ಹತ್ತು ಜನರಲ್ಲಿ ಆರು ಜನ ಮೊದಲ ಡಬ್ಬದ 50 ಗುಂಡನ್ನು ಒಂದೂ ತೊಂದರೆಯಿಲ್ಲದೆ ಹೊಡೆದು ಮನೆಗೆ ಹೋಗುತ್ತಾರೆ. ಮತ್ತೆ ಎಲ್ಲರಿಗೂ ಹೇಳುತ್ತಾರೆ, ‘ಒಂದು ಸಲವೂ ಜಾಮ್ ಆಗಿಲ್ಲ’ ಅಂತ. ಯಾರೂ ಸುಳ್ಳು ಹೇಳಿಲ್ಲ ನೋಡಿ. ಪಿಸ್ತೂಲು ಮಾತ್ರ ಕೆಟ್ಟದ್ದೇ.

ಹಾಗಾದರೆ ಸಾವಿರ ಹೊಡೆಯಬಾರದಾ? ಹೊಡೆಯಬಹುದು, ದುಡ್ಡಿದ್ದರೆ. 9 ಎಂಎಂ ಅಭ್ಯಾಸದ ತೋಟೆಗೆ ಒಂದಕ್ಕೆ ಸುಮಾರು 25-30 ಸೆಂಟ್ ಇಟ್ಟುಕೊಂಡರೂ ಸಾವಿರಕ್ಕೆ 250-300 ಡಾಲರ್. ಸ್ವರಕ್ಷಣೆಯ ಹಾಲೋ ಪಾಯಿಂಟ್ ತೋಟೆ ಅದರ ಮೂರ್ನಾಲ್ಕು ಪಟ್ಟು. ಅದಕ್ಕೇ ಹೆಚ್ಚಿನವರು ಅಗ್ಗದ ದುಂಡು ಮೂತಿಯ ತೋಟೆಯಲ್ಲಿ ನೂರಿನ್ನೂರು ಹೊಡೆದು, ಮನೆಗೆ ಬಂದು ಹಾಲೋ ಪಾಯಿಂಟ್ ತುಂಬಿ ಇಟ್ಟುಬಿಡುತ್ತಾರೆ. ಅಂದರೆ ಪರೀಕ್ಷೆ ಮಾಡಿದ್ದು ಒಂದನ್ನು, ನಂಬಿದ್ದು ಇನ್ನೊಂದನ್ನು. ಹಾಲೋ ಪಾಯಿಂಟಿನ ಮೂತಿ ಬಾಯಿ ತೆರೆದುಕೊಂಡ ಹಾಗಿರುತ್ತದೆ. ದುಂಡು ಮೂತಿ ಜಾರಿಕೊಂಡು ಹೋಗುವ ಇಳಿಜಾರಿನಲ್ಲಿ ಅದು ಎಡವಬಹುದು. ಹಳೆಯ ವಿನ್ಯಾಸದ ಪಿಸ್ತೂಲುಗಳಲ್ಲಿ ಈ ತಕರಾರು ಜಾಸ್ತಿ.

ಸರ್ಕಾರಿ ಪರೀಕ್ಷೆ ಪಾಸಾದ ಪಿಸ್ತೂಲು ಅಂತ ಹೇಳುವವರೂ ಇದ್ದಾರೆ. ಪಕ್ಕದ ಕ್ಯಾಲಿಫೋರ್ನಿಯಾದ ನಿಯಮ ನೋಡಿ. ಅಂಗಡಿಯಲ್ಲಿ ಮಾರಬೇಕಾದರೆ ಆ ಮಾಡೆಲ್ಲಿನ ಮೂರು ಪಿಸ್ತೂಲುಗಳನ್ನು ಲ್ಯಾಬಿಗೆ ಕೊಡಬೇಕು. ಒಂದೊಂದರಲ್ಲೂ 600 ಗುಂಡು. ಮೊದಲ 20ರಲ್ಲಿ ಒಂದೂ ಜಾಮ್ ಆಗಬಾರದು. ಒಟ್ಟು 600ರಲ್ಲಿ ಆರು ಸಲದವರೆಗೆ ಆದರೆ ಪಾಸು! ಅಂದರೆ ನಾನು ಮೇಲೆ ಕೆಟ್ಟದ್ದು ಅಂತ ಹೇಳಿದ ನೂರಕ್ಕೊಂದು ಪಿಸ್ತೂಲು ಅಲ್ಲಿ ಪಾಸಾಗಿಬಿಡಬಹುದು. ನಮ್ಮ ಚಿಪ್ ಲೋಕದಲ್ಲಿ ಸಾಮಾನ್ಯವಾಗಿ ಮೂರು ಲಾಟ್‌ಗಳಿಂದ (ಒಟ್ಟಿಗೆ ತಯಾರಾದ ಒಂದು ಕಂತಿಗೆ ಲಾಟ್ ಅನ್ನುತ್ತೇವೆ) 77ರಂತೆ 231 ಚಿಪ್ ತೆಗೆದು, 125 ಡಿಗ್ರಿ ಸೆಲ್ಸಿಯಸ್‌ನಲ್ಲಿ 1000 ಗಂಟೆ ಓಡಿಸುತ್ತೇವೆ. ಒಂದೂ ಸಾಯಬಾರದು. ಮೂರು ಲಾಟ್ ಯಾಕೆ ಅಂದರೆ, ಒಂದು ದಿನ ಮಾಡಿದ್ದು ಇನ್ನೊಂದು ದಿನ ಮಾಡಿದ ಹಾಗೆ ಇರುವುದಿಲ್ಲ. ಪಿಸ್ತೂಲಿನ ಮಾಲೀಕರ ಹತ್ತಿರ ಇರುವುದು ಒಂದು. ಬಹಳ ಅಂದರೆ ಎರಡು.

ಒಂದರ ಮಾತು ಬಂದಾಗಲೆಲ್ಲ 1911ರ ಕಥೆ ಎತ್ತುವವರು ರೇಂಜಿನಲ್ಲಿ ಒಬ್ಬರಾದರೂ ಇರುತ್ತಾರೆ. ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ಪಿಸ್ತೂಲು ಆರಿಸಲು ಕೊನೆಯ ಪರೀಕ್ಷೆ ಮಾಡಿತು. ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ 6000 ಗುಂಡು ಹೊಡೆದು ಒಂದೂ ತೊಂದರೆ ಕೊಡಲಿಲ್ಲ. ಎದುರಾಳಿ ಸಾವೇಜ್ 37 ಸಲ ತೊಂದರೆ ಕೊಟ್ಟಿತು. ದೊಡ್ಡ ಸಾಧನೆ, ಮಾತಿಲ್ಲ. ಮೂರರ ನಿಯಮದ ಪ್ರಕಾರ ಎರಡು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಆ ಮಾತು ಆ ಪಿಸ್ತೂಲಿಗೆ, ಆ ತೋಟೆಗೆ, ಆ ಮ್ಯಾಗಜಿನ್ನಿಗೆ ಸಲ್ಲಬೇಕಾದ್ದು. ಈಗ ಆ ವಿನ್ಯಾಸವನ್ನು ಎಷ್ಟೋ ಕಂಪನಿಗಳು ಮಾಡುತ್ತವೆ. ಒಂದರ ಅಳತೆ ಇನ್ನೊಂದಕ್ಕೆ ಕೂಡುವುದಿಲ್ಲ. ಮುತ್ತಜ್ಜ ಪೈಲ್ವಾನ ಆಗಿದ್ದ ಅಂತ ಮರಿಮಗನ ಮೇಲೆ ಪಂದ್ಯ ಕಟ್ಟುತ್ತಾರಾ?

ನನ್ನ ಸ್ವಂತ ಅನುಭವಕ್ಕೆ ಬರುತ್ತೇನೆ. ನನ್ನ ಮೊದಲ ಪಿಸ್ತೂಲು ಚಿಕ್ಕದು, ಹಗುರ, 9 ಎಂಎಂ. ಕಂಪನಿಯ ಹೆಸರು ಹೇಳುವುದಿಲ್ಲ. ಮೊದಲ ವಾರದಿಂದಲೇ ಹೊಸ ತೋಟೆ ಇಳಿಜಾರಿಗೆ ಗುದ್ದಿ ನಿಲ್ಲುತ್ತಿತ್ತು. ರೇಂಜಿನಲ್ಲಿ ಪಕ್ಕದವರು ತಿರುಗಿ ನೋಡದೆಯೇ ತೀರ್ಪು ಕೊಟ್ಟರು. ‘ನಿಮ್ಮ ಮಣಿಕಟ್ಟು ಸಡಿಲ.’ ಇನ್ನೊಬ್ಬರು ಬಂದು ಅದನ್ನೇ ಹೇಳಿದರು. ಅಂಗಡಿಯವನೂ ಅದನ್ನೇ. ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ನನ್ನ ದನಿ ಕೇಳಿ ಎರಡೇ ನಿಮಿಷದಲ್ಲಿ ಅದಕ್ಕೇ ಬಂದ. ಐದಡಿ ಎರಡಿಂಚಿನ ಹೆಂಗಸು ಪಿಸ್ತೂಲು ಹಿಡಿದರೆ ರೋಗ ಪತ್ತೆ ಮಾಡುವ ಅಗತ್ಯವೇ ಇಲ್ಲ, ಅಲ್ವಾ?

ಮಣಿಕಟ್ಟಿನ ವಿಷಯ ಸುಳ್ಳಲ್ಲ, ಅದನ್ನೂ ಹೇಳಬೇಕು. ಸ್ಲೈಡ್ ಪೂರ್ತಿ ಹಿಂದೆ ಹೋಗಬೇಕಾದರೆ ಕೆಳಗಿನ ಫ್ರೇಮ್ ಗಟ್ಟಿಯಾಗಿ ನಿಲ್ಲಬೇಕು. ಕೈಯೂ ಜೊತೆಗೆ ಹಿಂದೆ ಹೋದರೆ ಒದೆತದ ಶಕ್ತಿ ಸೋರಿಹೋಗುತ್ತದೆ. ಪ್ಲಾಸ್ಟಿಕ್ ಫ್ರೇಮಿನ ಹಗುರ ಪಿಸ್ತೂಲುಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಚಿಕ್ಕ ಪಿಸ್ತೂಲಿನಲ್ಲಿ ಸ್ಲೈಡ್ ಹಗುರ, ಸ್ಪ್ರಿಂಗ್ ಬಿಗಿ, ಓಡಾಡುವ ಜಾಗವೂ ಕಡಿಮೆ. ಹೊಸದರಲ್ಲಿ ಇನ್ನೂ ಬಿಗಿ. ಮೊದಲ 200 ಗುಂಡು ಹೊಡೆದು ಪಳಗಿಸಿ, ಆಮೇಲೆ ನಂಬಿ ಅಂತ ಕೈಪಿಡಿಯಲ್ಲೇ ಬರೆಯುವ ಕಂಪನಿಗಳಿವೆ. ಆದರೆ ‘ಇರಬಹುದು’ ಬೇರೆ, ‘ಇದೆ’ ಬೇರೆ. ಮೊದಲ ಅನುಮಾನವನ್ನೇ ಉತ್ತರ ಅಂತ ಬರೆದುಕೊಟ್ಟರೆ ನನ್ನ ಮ್ಯಾನೇಜರ್ ಆ ರಿಪೋರ್ಟನ್ನು ನನಗೇ ವಾಪಸ್ ಕಳಿಸುತ್ತಾರೆ.

ಆಫೀಸಿನಲ್ಲಿ ಮಾಡುವುದನ್ನೇ ಮಾಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಪಿಸ್ತೂಲಿನ ಜೊತೆ ಎರಡು ಮ್ಯಾಗಜಿನ್ ಬಂದಿದ್ದವು. ಉಗುರಿಗೆ ಹಚ್ಚುವ ಬಣ್ಣದಲ್ಲಿ ತಳಕ್ಕೆ 1, 2 ಅಂತ ಬರೆದೆ. ತೋಟೆ ಅದೇ, ಕೈ ಅದೇ, ಮ್ಯಾಗಜಿನ್ ಮಾತ್ರ ಅದಲುಬದಲು. ಆಮೇಲೆ ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು ಆರಡಿ ಆಳು, ಮಣಿಕಟ್ಟು ತೆಂಗಿನಕಾಯಿ ಸುಲಿದು ಬೆಳೆದದ್ದು. ಅವರ ಕೈಯಲ್ಲೂ ಗುದ್ದಿ ನಿಂತಿತು. ನಿಂತಿದ್ದು ಎಲ್ಲವೂ 2ನೇ ನಂಬರ್ ಮ್ಯಾಗಜಿನ್ನಿನಲ್ಲಿ. ಬೆಳಕಿಗೆ ಹಿಡಿದು ನೋಡಿದಾಗ ಅದರ ತುಟಿಗಳಲ್ಲಿ ಒಂದು ಚೂರೇ ಚೂರು ಅಗಲವಾಗಿತ್ತು. ತೋಟೆಯನ್ನು ಹಿಡಿದು ಸರಿಯಾದ ಕೋನದಲ್ಲಿ ಬಿಡುವುದು ಆ ತುಟಿಗಳೇ. ಫೋಟೊ, ಪಟ್ಟಿ ಎರಡನ್ನೂ ಕಂಪನಿಗೆ ಕಳಿಸಿದೆ. ಹೊಸ ಮ್ಯಾಗಜಿನ್ ಪುಕ್ಕಟೆ ಬಂತು. ಮಣಿಕಟ್ಟಿನ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಅದರಲ್ಲಿ ಇವತ್ತಿಗೂ ಹೊಡೆಯುತ್ತಿದ್ದೇನೆ.

ಈಗ ಯೋಚಿಸಿ. ಇದೇ ಪಿಸ್ತೂಲಿನ ಬಗ್ಗೆ ನಾನು ಮೊದಲ ವಾರ ಮಾತಾಡಿದ್ದರೆ ‘ದರಿದ್ರ ಪಿಸ್ತೂಲು’ ಅನ್ನುತ್ತಿದ್ದೆ. 1ನೇ ಮ್ಯಾಗಜಿನ್ ಒಂದನ್ನೇ ಬಳಸಿದ್ದರೆ ‘ಒಂದು ಸಲವೂ ಜಾಮ್ ಆಗಿಲ್ಲ’ ಅನ್ನುತ್ತಿದ್ದೆ. ಎರಡೂ ನನ್ನ ಅನುಭವವೇ. ಎರಡರಿಂದಲೂ ಕೇಳಿದವರಿಗೆ ಮೂರು ಕಾಸಿನ ಉಪಯೋಗ ಇರುತ್ತಿರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುವುದು. ಸಾವಿರಾರು ಮಾಲೀಕರು ಒಟ್ಟಿಗೆ ಹೇಳಿದರೂ ಗೊತ್ತಾಗದ ದೋಷಗಳಿವೆ. ಸಿಗ್ ಕಂಪನಿಯ ಪಿ320 ಮಾಡೆಲ್ಲಿನ ಒಂದು ರೂಪವನ್ನು ಅಮೆರಿಕದ ಸೈನ್ಯ 2017ರ ಜನವರಿಯಲ್ಲಿ ಆರಿಸಿಕೊಂಡಿತು. ಹೊರಗಿನ ಮಾಲೀಕರಲ್ಲೂ ಒಳ್ಳೆಯ ಹೆಸರಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ, ಅಂಗಡಿಯಲ್ಲಿ ಮಾರುತ್ತಿದ್ದ ಪಿ320 ಒಂದು ಕೋನದಲ್ಲಿ ಕೆಳಗೆ ಬಿದ್ದರೆ ತಾನಾಗಿ ಗುಂಡು ಹಾರಬಹುದು ಅನ್ನುವುದು ಬಯಲಾಯಿತು. ಕಂಪನಿ ಟ್ರಿಗರ್ ಭಾಗಗಳನ್ನು ಉಚಿತವಾಗಿ ಬದಲಿಸಿಕೊಡುವ ಯೋಜನೆ ಘೋಷಿಸಿತು. ಮಾಲೀಕರು ಎಷ್ಟು ಸಾವಿರ ಗುಂಡು ಹೊಡೆದಿದ್ದರೇನು? ಗುಂಡು ತುಂಬಿದ ಪಿಸ್ತೂಲನ್ನು ಬೇಕೆಂದೇ ನೆಲಕ್ಕೆ ಬೀಳಿಸಿ ನೋಡುವ ಮಾಲೀಕ ಇರುವುದಿಲ್ಲ, ಇರಲೂಬಾರದು. ಜಾಮ್ ಆಗದಿರುವುದು ಒಂದು ಗುಣ. ಟ್ರಿಗರ್ ಎಳೆಯದೆ ಹಾರದಿರುವುದು ಇನ್ನೊಂದು. ಮೊದಲನೆಯದರ ಸಾಕ್ಷಿಯನ್ನು ಎರಡನೆಯದಕ್ಕೆ ಬಳಸುವ ಹಾಗಿಲ್ಲ. ಕಂಪನಿಗಳು ವಾಪಸ್ ಕರೆದ, ಭಾಗ ಬದಲಿಸಿದ ಇತಿಹಾಸವನ್ನು ಬೇರೆಯಾಗಿಯೇ ಹುಡುಕಬೇಕು. ಗ್ಲಾಕ್ ಕೂಡ 2011ರಲ್ಲಿ ನಾಲ್ಕನೇ ತಲೆಮಾರಿನ ಪಿಸ್ತೂಲುಗಳ ರಿಕಾಯಿಲ್ ಸ್ಪ್ರಿಂಗನ್ನು ಬದಲಿಸಿಕೊಟ್ಟಿತ್ತು. ಬದಲಿಸಿಕೊಟ್ಟ ಕಂಪನಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನನಗೆ ಬೇಕಾದ್ದು ಬದಲಿಸುವ ಮೊದಲಿನ ಪಿಸ್ತೂಲಾ, ಆಮೇಲಿನದಾ ಅನ್ನುವ ಉತ್ತರ. ಅದನ್ನು ಹೇಳದ ಮಾಲೀಕರ ಮಾತು ಅರ್ಧ ಮಾತು.

ಹಾಗಾದರೆ ಯಾರನ್ನು ಕೇಳುವುದು? ಊರಲ್ಲಿ ಗಂಡಿನ ಬಗ್ಗೆ ವಿಚಾರಿಸುವಾಗ ಗಂಡಿನ ಮನೆಯವರನ್ನು ಕೇಳುತ್ತಾರಾ? ಪಕ್ಕದ ತೋಟದವರನ್ನು, ಸೊಸೈಟಿಯವರನ್ನು, ಮೊದಲು ಅಲ್ಲಿ ಕೆಲಸಕ್ಕಿದ್ದು ಬಿಟ್ಟವರನ್ನು ಕೇಳುತ್ತಾರೆ. ಇಲ್ಲೂ ಅದೇ. ಸಾವಿರದೈನೂರು ಡಾಲರ್ ಸುರಿದವರು ಅದನ್ನು ಕೆಟ್ಟದ್ದು ಅನ್ನುವುದು ಕಷ್ಟ, ಪಾಪ. ಅದನ್ನು ಮಾರಿದವರು ಸಿಗಬೇಕು. ಹಳೆಯ ಪಿಸ್ತೂಲು ಕೊಳ್ಳುವ ಅಂಗಡಿಗಳ ಕೌಂಟರಿನಲ್ಲಿ ನಿಂತು ಸುಮ್ನೆ ಮಾತಾಡಿದರೆ ಯಾವುದು ಜಾಸ್ತಿ ವಾಪಸ್ ಬರುತ್ತದೆ ಅಂತ ಗೊತ್ತಾಗುತ್ತದೆ. ಯಾವ ಸ್ಪ್ರಿಂಗ್ ಜಾಸ್ತಿ ಖರ್ಚಾಗುತ್ತದೆ ಅಂತ ರಿಪೇರಿಯವರನ್ನು ಕೇಳಿ. ಅವರಿಗೆ ಯಾವ ಬ್ರಾಂಡಿನ ಮೇಲೂ ಪ್ರೀತಿ ಇರುವುದಿಲ್ಲ.

ಶೂಟಿಂಗ್ ಪಂದ್ಯಕ್ಕೆ ಹೋಗುವವರು ಒಳ್ಳೆಯ ಸಾಕ್ಷಿಗಳು ಅನ್ನುತ್ತಾರೆ. ಅರ್ಧ ನಿಜ. ಅವರು ಹೊಡೆಯುವ ಗುಂಡಿನ ಲೆಕ್ಕ ನಮ್ಮದರ ಹತ್ತಿಪ್ಪತ್ತು ಪಟ್ಟು. ಟೈಮರ್ ಓಡುತ್ತಿರುವಾಗ ಜಾಮ್ ಆದರೆ ಎಲ್ಲರ ಎದುರಿಗೇ ಆಗುತ್ತದೆ, ಮುಚ್ಚಿಡುವ ಹಾಗಿಲ್ಲ. ಆದರೆ ಅವರ ಪಿಸ್ತೂಲು ಅಂಗಡಿಯ ಪಿಸ್ತೂಲಾಗಿ ಉಳಿದಿರುವುದಿಲ್ಲ. ಯುಎಸ್‌ಪಿಎಸ್‌ಎ ಅನ್ನುವ ಶೂಟಿಂಗ್ ಸಂಘದ ಪಂದ್ಯದಲ್ಲಿ, ಮೈನರ್ ಅನ್ನುವ ಕಡಿಮೆ ಶಕ್ತಿಯ ತೋಟೆಗಳ ದರ್ಜೆಗೆ, ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 125 ಬಂದರೆ ಸಾಕು. ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಅಡಿಯಲ್ಲಿ. ಅದಕ್ಕೆ ಸ್ವಲ್ಪ ಮೇಲಿರುವ ಹಾಗೆ ಮೆತ್ತನೆಯ ತೋಟೆಯನ್ನು ಅವರೇ ಮನೆಯಲ್ಲಿ ತುಂಬಿಕೊಳ್ಳುತ್ತಾರೆ. ಆ ತೋಟೆಗೆ ಒಗ್ಗುವ ಸಡಿಲ ಸ್ಪ್ರಿಂಗ್ ಹಾಕುತ್ತಾರೆ. ಟ್ರಿಗರ್ ಉಜ್ಜಿಸುತ್ತಾರೆ. ಆ ಪಿಸ್ತೂಲು ಹತ್ತು ಸಾವಿರ ಗುಂಡು ಸುಸೂತ್ರವಾಗಿ ಹೊಡೆದರೆ ಅದರ ಶ್ರೇಯಸ್ಸು ಕಂಪನಿಗಿಂತ ಅವರಿಗೇ ಹೆಚ್ಚು.

ನಾನು ಕಂಡ ಅತ್ಯುತ್ತಮ ಸಾಕ್ಷಿ ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ. ಫೀನಿಕ್ಸ್‌ನ ಉತ್ತರಕ್ಕೆ ಬೆನ್ ಏವರಿ ಅಂತ ರಾಜ್ಯದ ವನ್ಯಜೀವಿ ಇಲಾಖೆ ನಡೆಸುವ ದೊಡ್ಡ ರೇಂಜ್ ಇದೆ. ನಮ್ಮನೆಯಿಂದ ಸುಮಾರು ಒಂದು ತಾಸಿನ ದಾರಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೋಗದಿದ್ದರೆ 43 ಡಿಗ್ರಿಯಲ್ಲಿ ಬೇಯಬೇಕು, ಮುಂಗಾರಿನ ಮುಂಚೆ ಧೂಳು ಬೇರೆ. ಅಲ್ಲಿ ಅವರು ಯಾವಾಗಲೂ ಕೊನೆಯ ಬೆಂಚಿನಲ್ಲಿ ಇರುತ್ತಾರೆ. ಸಾಮಾನ್ಯ 9 ಎಂಎಂ ಪಿಸ್ತೂಲು, ಸ್ಲೈಡಿನ ಬಣ್ಣವೆಲ್ಲ ಸವೆದದ್ದು. ಪಕ್ಕದಲ್ಲಿ ಒಂದು ಜೇಬಿನ ಡೈರಿ. ಎಷ್ಟು ಗುಂಡು, ಯಾವ ತೋಟೆ, ಎಷ್ಟು ಗ್ರೇನ್, ಯಾವ ನಂಬರಿನ ಮ್ಯಾಗಜಿನ್, ಕೊನೆಗೆ ಎಣ್ಣೆ ಹಾಕಿದ್ದು ಯಾವಾಗ, ಎಲ್ಲ ಅದರಲ್ಲಿ. ಜಾಮ್ ಆದರೆ ಅವರು ಉಳಿದವರ ಹಾಗೆ ಪಟ್ಟನೆ ಸ್ಲೈಡ್ ಎಳೆದು ಮುಂದುವರಿಯುವುದಿಲ್ಲ. ನಳಿಗೆ ಗುರಿಯ ಕಡೆಗೇ ಇಟ್ಟು, ಬೆರಳು ಟ್ರಿಗರಿನಿಂದ ತೆಗೆದು, ಮೊದಲು ನೋಡುತ್ತಾರೆ. ತೋಟೆ ಹಾರದಿದ್ದರೆ ಅರ್ಧ ನಿಮಿಷ ಹಾಗೇ ಕಾಯುತ್ತಾರೆ, ತಡವಾಗಿ ಹಾರುವುದೂ ಉಂಟು. ಸದ್ದು ಮಂದವಾಗಿ, ಒದೆತವೇ ಇಲ್ಲದೆ ‘ಪುಸ್’ ಅಂದರಂತೂ ಅಂದಿನ ಆಟ ಅಲ್ಲಿಗೇ ನಿಲ್ಲಿಸಿ ಬ್ಯಾರೆಲ್ ಪರೀಕ್ಷೆ. ಗುಂಡು ಒಳಗೇ ಸಿಕ್ಕಿಕೊಂಡಿರಬಹುದು, ಹಿಂದೆಯೇ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಒಡೆಯುತ್ತದೆ.

ಒಮ್ಮೆ ಆ ಡೈರಿ ತಿರುವಿ ನೋಡಲು ಕೊಟ್ಟರು. ಅದರಲ್ಲಿ ಜಾಮ್‌ಗಳು ಇದ್ದವು, ಬೇಕಾದಷ್ಟು. ಆದರೆ ಓದುತ್ತಾ ಹೋದ ಹಾಗೆ ಒಂದು ಚಿತ್ರ ಕಾಣುತ್ತಿತ್ತು. ಹೊಸದರಲ್ಲಿ ನಾಲ್ಕೈದು, ಎಲ್ಲ ಅಗ್ಗದ 115 ಗ್ರೇನ್ ತೋಟೆಯಲ್ಲಿ. ಆಮೇಲೆ ಬಹಳ ಕಾಲ ಏನೂ ಇಲ್ಲ. ಮತ್ತೆ ಖಾಲಿ ತೋಟೆ ಸರಿಯಾಗಿ ಹಾರದ ಸಾಲುಸಾಲು ಟಿಪ್ಪಣಿ, ಅದರ ಕೆಳಗೆ ‘ಎಕ್ಸ್‌ಟ್ರಾಕ್ಟರ್ ಸ್ಪ್ರಿಂಗ್ ಬದಲಿಸಿದೆ’. ಮತ್ತೆ ಮೌನ. ಹೊಸತರಲ್ಲಿ ತಕರಾರು, ನಡುವೆ ನೆಮ್ಮದಿ, ಹಳತಾದಾಗ ಮತ್ತೆ ತಕರಾರು. ಚಿಪ್ಪಿನಲ್ಲೂ ನಾವು ನೋಡುವುದು ಇದನ್ನೇ. ‘ಒಂದು ಸಲವೂ ಜಾಮ್ ಆಗಿಲ್ಲ’ ಅನ್ನುವ ಹತ್ತು ಜನರಿಗಿಂತ ಈ ಡೈರಿ ನನಗೆ ಹೆಚ್ಚು ಹೇಳಿತು. ಯಾವ ತೋಟೆ ಹಿಡಿಸುವುದಿಲ್ಲ, ಯಾವ ಭಾಗ ಮೊದಲು ಸವೆಯುತ್ತದೆ, ಬದಲಿಸಿದರೆ ಸರಿಹೋಗುತ್ತದೋ ಇಲ್ಲವೋ, ಎಲ್ಲ ಅದರಲ್ಲಿತ್ತು.

ನನ್ನ ಭಾವನವರು ಟೆಕ್ಸಾಸ್‌ನಿಂದ ಫೋನ್ ಮಾಡಿ ‘ಇದೆಲ್ಲ ಬೇಡ ಮಾರಾಯ್ತಿ, ಒಂದು ಹೆಸರು ಹೇಳಿಬಿಡು’ ಅನ್ನುತ್ತಾರೆ. ಹೆಸರು ಹೇಳಿದರೆ ಅವರು ತರುವುದು ಆ ಹೆಸರಿನ ಇನ್ನೊಂದು ಪಿಸ್ತೂಲು, ನನ್ನದಲ್ಲ. ಹಾಗಾಗಿ ಒಂದೇ ಮಾತು ಹೇಳಿದೆ. ಚಿರಪರಿಚಿತ, ಹೆಚ್ಚು ಜನ ಬಳಸುವ, ಬಿಡಿಭಾಗ ಸುಲಭವಾಗಿ ಸಿಗುವ ಯಾವುದನ್ನಾದರೂ ತನ್ನಿ. ಮ್ಯಾಗಜಿನ್‌ಗೆ ನಂಬರ್ ಹಾಕಿ. ಮನೆಯಲ್ಲಿ ಯಾವ ತೋಟೆ ತುಂಬಿಡುತ್ತೀರೋ ಅದನ್ನೂ ಒಂದಷ್ಟು ಹೊಡೆದು ನೋಡಿ, ದುಬಾರಿಯಾದರೂ. ಮಕ್ಕಳಿದ್ದಾರೆ, ಬೀಗದ ಪೆಟ್ಟಿಗೆಯನ್ನು ಪಿಸ್ತೂಲಿಗಿಂತ ಮೊದಲು ತನ್ನಿ. ಅವರು ‘ಹೂಂ, ಆದರೆ ಯಾವ ಕಂಪನಿ?’ ಅಂದರು.

ಹೋದ ಚಳಿಗಾಲದಲ್ಲಿ ಆ ಪೊಲೀಸ್ ಅಧಿಕಾರಿ ಕೈಬೆರಳಿನ ಸಂಧಿವಾತ ಜಾಸ್ತಿಯಾಗಿ ಪಿಸ್ತೂಲು ಮಾರುತ್ತೇನೆ ಅಂದರು. ಕೊಳ್ಳಲು ನಾನೇ ಮುಂದೆ ಬಂದೆ. ಅರಿಜೋನಾದಲ್ಲಿ ಇಬ್ಬರು ನಿವಾಸಿಗಳು ನೇರವಾಗಿಯೇ ಕೊಟ್ಟು ತೆಗೆದುಕೊಳ್ಳಬಹುದು. ಆದರೂ ಅವರು ಅಂಗಡಿಯ ಮೂಲಕ, ಹಿನ್ನೆಲೆ ತಪಾಸಣೆ ಮಾಡಿಸಿಯೇ ಕೊಟ್ಟರು. ಜೊತೆಗೆ ಐದು ಮ್ಯಾಗಜಿನ್, ಮತ್ತೆ ಡೈರಿ. ಅದೇ ಬೆಲೆಗೆ ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತಿತ್ತಲ್ಲ ಅಂತ ನಮ್ಮ ಮನೆಯವರು ಗೊಣಗಿದರು. ಹೊಸದರಲ್ಲಿ ಡೈರಿ ಬರುವುದಿಲ್ಲ ಅಂದೆ. ಈಗ ಡೈರಿಯಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡದ ಸಾಲುಗಳು ಶುರುವಾಗಿವೆ. ನನ್ನ ಕೈಗೆ ಬಂದ ಮೇಲೆ ಹೊಸ ತೋಟೆ ಗುದ್ದಿ ನಿಂತದ್ದು ಎರಡು ಸಲ, ಎರಡೂ 4ನೇ ನಂಬರ್ ಮ್ಯಾಗಜಿನ್ನಿನಲ್ಲಿ. ಅದರ ಸ್ಪ್ರಿಂಗ್ ಬೇರೆಯವುಗಳಿಗಿಂತ ಗಿಡ್ಡವಾಗಿದೆ. ಹೊಸದಕ್ಕೆ ಆರ್ಡರ್ ಹಾಕಿದ್ದೇನೆ. ಬಂದ ಮೇಲೆ ಮೊದಲು ಅದೊಂದನ್ನೇ ಬದಲಿಸಿ ನೋಡಬೇಕು.